ಕಟ್ಟೆ ಇಲ್ಲದ ಬಚ್ಚಲು

ಸಾಲೆ ಮುಗಿಸಿಕೊಂಡು ಮನೆಗೆ ಬಂದ ಜೆಸ್ಸಿಗೆ ಮೊದಲು ಕಂಡದ್ದು ಎರಡು ಅಂಗಾಲು. ಬಚ್ಚಲಮನೆಯ ನೆಲಕ್ಕೆ ಬೋರಲಾಗಿ ಮಲಗಿ, ಕೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡು, ಯಾರೋ ಒಬ್ಬ ಗಂಡಸು ಒಂದು ಕಣ್ಣು ಮುಚ್ಚಿ ಮೂಲೆಯ ಮೋರಿಯನ್ನೇ ದಿಟ್ಟಿಸುತ್ತಿದ್ದ.

"ಯಾರ್ರಿ ಅದು?" ಕೈಯ ಕೋಲನ್ನು ನೆಲಕ್ಕೆ ಕುಟ್ಟಿ ಕೇಳಿದಳು. "ನಮ್ಮ ಬಚ್ಚಲದಾಗ ಏನ್ ಕಳಕೊಂಡೀರಿ?"

"ನೆಲದ ಇಳಕಲ ಹುಡುಕಾಕತ್ತೇನ್ರಿ," ಆತ ಏಳದೆಯೇ ಅಂದ. "ಕಳದಾವ ನಾ ಅಲ್ಲ. ಇದನ್ನ ಕಟ್ಟಿದಾವ. ನೀರು ಮೋರಿ ಕಡೆ ಹೋಗಬೇಕೋ ಬಾಗಲ ಕಡೆ ಬರಬೇಕೋ ಅಂತ ಅವಗ ಕಡೀತನಾ ತಿಳದಿಲ್ಲ."

ಎದ್ದು ನಿಂತಾಗ ಅವನ ಅರ್ಧ ಮುಖಕ್ಕೆ ಶೀಗೆಕಾಯಿ ಮೆತ್ತಿತ್ತು. ಜೆಸ್ಸಿ ತಡೆಯಲಾರದೆ ನಕ್ಕುಬಿಟ್ಟಳು. ಅವನೂ ನಕ್ಕ. ಬಿಳಿ ಹಲ್ಲು, ಕಪ್ಪು ಮುಖ, ಒಂದು ಬದಿಗೆ ಕಂದು ಲೇಪ. ಆ ನಗು ಇನ್ನೂ ತುಟಿಯ ಮೇಲಿರುವಾಗಲೇ ಅವನು ಯಾಕೆ ಬಂದಿದ್ದಾನೆಂಬುದು ಅವಳಿಗೆ ಹೊಳೆಯಿತು. ನಗು ಅಲ್ಲಿಗೇ ನಿಂತಿತು.

ಅಣ್ಣ ಸಾಲೋಮನ್ ಹೇಳಿದ್ದ ಓವರ್‌ಸೀಯರ್ ಇವನೇ. ಗೋವಿಂದಪ್ಪ. ಅಣ್ಣನ ಕಾಲೇಜಿನ ಗೆಳೆಯ, ಮುಗದದ ಆಚೆಯ ಒಂದು ಹಳ್ಳಿಯವನು, ಈಗ ಧಾರವಾಡದಲ್ಲಿ ನೀರಿನ ಖಾತೆಯಲ್ಲಿದ್ದಾನೆ. ಹುಬ್ಬಳ್ಳಿ ಧಾರವಾಡ ಕೂಡಿ ಒಂದೇ ಕಾರ್ಪೋರೇಶನ್ ಆಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಮಾಳಮಡ್ಡಿಯ ಮನೆಮನೆಗೆ ನಳ ಬರುತ್ತಿದ್ದ ಕಾಲ ಅದು. ನಳದವರು ಅಂದರೆ ಜನ ಎದ್ದು ಕುರ್ಚಿ ಕೊಡುತ್ತಿದ್ದರು.

ಜೆಸ್ಸಿಗೆ ನಾಲ್ಕು ವರ್ಷವಿದ್ದಾಗ ಬಂದ ಜ್ವರ ಬಲಗಾಲನ್ನು ಸಣಕಲು ಮಾಡಿಟ್ಟು ಹೋಗಿತ್ತು. ಅದರಿಂದೇನೂ ನಿಂತಿರಲಿಲ್ಲ. ಮಿಶನ್ ಸಾಲೆಯಲ್ಲಿ ಗಣಿತ ಕಲಿಸುವ ಬಾಯಾರು ಆಗಿದ್ದಳು, ಟಾಂಗಾದಲ್ಲಿ ಹೋಗಿ ಬರುತ್ತಿದ್ದಳು, ಕೋಲು ಊರಿಕೊಂಡು ಪೇಟೆಯಲ್ಲೆಲ್ಲ ಸುತ್ತುತ್ತಿದ್ದಳು. ಸೋತದ್ದು ಮನೆಯ ಬಚ್ಚಲದ ಕಟ್ಟೆಯ ಎದುರು. ನೀರು ಹೊರಗೆ ಬಾರದಿರಲೆಂದು ಹಿಂದಿನವರು ಬಾಗಿಲಿಗೆ ಅಡ್ಡ ಕಟ್ಟಿದ್ದ ಎತ್ತರದ ಕಲ್ಲಿನ ಕಟ್ಟೆ ಅದು. ಹೋದ ಮಳೆಗಾಲದಲ್ಲಿ ಅದನ್ನು ದಾಟುವಾಗ ಜಾರಿ ಬಿದ್ದು ಎಡಗೈ ಮುರಿದುಕೊಂಡಳು. ಕೈ ಕೂಡಿತು. ಆದರೆ ಅಂದಿನಿಂದ ತಾಯಿ ಎಸ್ತರಮ್ಮನೇ ಅವಳನ್ನು ಹಿಡಿದು ಒಳಗೆ ದಾಟಿಸಬೇಕು, ಮಣೆಯ ಮೇಲೆ ಕೂಡಿಸಬೇಕು, ತಂಬಿಗೆಯಿಂದ ನೀರು ಸುರಿಯಬೇಕು. ಇಪ್ಪತ್ತೇಳರ ಮಗಳು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು.

ಸಾಲೋಮನ್ ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಕಾರಕೂನ. ಯಾವುದೋ ದೊಡ್ಡ ಸಾಹೇಬರ ಬಂಗಲೆಯಲ್ಲಿ ಶವರ್ ನೋಡಿಬಂದಿದ್ದ. ಕಟ್ಟೆ ಇಲ್ಲ, ಮೆಟ್ಟಿಲಿಲ್ಲ, ನಡೆದುಕೊಂಡು ಹೋಗಿ ನಿಂತರೆ ಸಾಕು, ಮೇಲಿನಿಂದ ನೀರು.

"ನಾವೂ ಹಂಗ ಮಾಡಸೂಣು," ಅಂದಿದ್ದ ರಾತ್ರಿ ಊಟಕ್ಕೆ ಕೂತಾಗ. "ತಂಗಿ ಮುದುಕಿ ಆಗೂತನಾ ಈ ಮನ್ಯಾಗ ಆಕಿಗೆ ತ್ರಾಸ ಆಗಬಾರದು."

ಎಷ್ಟು ಪ್ರೀತಿಯಿಂದ ಅಂದಿದ್ದ! ಜೆಸ್ಸಿ ಕೈಯಲ್ಲಿದ್ದ ರೊಟ್ಟಿಯ ತುತ್ತನ್ನು ತಾಟಿನಲ್ಲೇ ಬಿಟ್ಟು ಎದ್ದಿದ್ದಳು.

ಕ್ರಿಸ್‌ಮಸ್ಸಿಗೆ ಮುಂಚೆ ಬೆಟಗೇರಿಯಿಂದ ಒಬ್ಬ ಕಂಪೌಂಡರನ ಮನೆಯವರು ಹೆಣ್ಣು ಕೇಳಿಕೊಂಡು ಬಂದಿದ್ದರು. ಸಾಲೋಮನ್ ಅವರಿಗೆ ಚಹಾ ಕುಡಿಸಿ, ಆ ವಿಚಾರ ನಮ್ಮ ಮನೆಯಲ್ಲಿ ಇಲ್ಲವೆಂದು ಪಡಸಾಲೆಯಿಂದಲೇ ಕಳಿಸಿಬಿಟ್ಟ. ಒಳಗೆ ಪೇಪರು ತಿದ್ದುತ್ತಿದ್ದ ಜೆಸ್ಸಿಗೆ ಅವರು ಸ್ಟೇಶನ್ ಮುಟ್ಟಿದ ಮೇಲೆ ತಾಯಿಯಿಂದ ತಿಳಿಯಿತು. ಆ ಕಂಪೌಂಡರ್ ಅವಳಿಗೆ ಬೇಕಿರಲಿಲ್ಲ. ಬೇಡ ಅನ್ನುವುದಾದರೂ ತನ್ನ ಬಾಯಿಂದ ಬರಬೇಕಿತ್ತು.

ಈಗ ಅಣ್ಣ ಕಲ್ಲಿನಲ್ಲಿ, ಸಿಮೆಂಟಿನಲ್ಲಿ ಅದೇ ಮಾತನ್ನು ಕಟ್ಟಿಸಲು ಹೊರಟಿದ್ದ. ಈಕೆ ಇಲ್ಲೇ ಇರುವವಳು ಎಂದು.

*

ಗೋವಿಂದಪ್ಪ ಸಂಜೆ ಸಂಜೆ ಬರತೊಡಗಿದ. ಪಡಸಾಲೆಯಲ್ಲಿ ಕೂತು ನಕಾಶೆ ಬರೆಯುತ್ತಿದ್ದ. ಎಸ್ತರಮ್ಮ ಚಹಾ ತಂದಿಡುತ್ತಿದ್ದರು. ಜೆಸ್ಸಿ ಪೇಪರಿನ ಕಟ್ಟು ಹಿಡಿದುಕೊಂಡು ಎದುರಿಗೇ ಕೂರುತ್ತಿದ್ದಳು. ಒಳಗೆ ದೀಪ ಚಲೋ ಇಲ್ಲ ಎಂಬುದು ನೆಪ.

"ಬಿಸಿನೀರಿನ ಹಂಡೆ ನೆಲದ ಮ್ಯಾಲ ಐತ್ರಿ," ಅಂದಳು ಒಂದು ಸಂಜೆ, ನಕಾಶೆಯತ್ತ ಓರೆಗಣ್ಣು ಹಾಯಿಸಿ. "ನಿಮ್ಮ ಶವರ್ ತಲಿ ಮ್ಯಾಲ. ನೀರು ಏಣಿ ಹತ್ತತಾವೇನು?"

"ನೀವು ಗಣಿತದ ಬಾಯಾರಂತ ಸಾಲೋಮನ್ ಹೇಳಿದ್ದಾ. ಇಷ್ಟು ಬಿರುಸು ಅಂತ ಹೇಳಿರಲಿಲ್ಲ."

"ಉತ್ತರ ಹೇಳ್ರಿ."

"ನಿಮ್ಮ ಹಿತ್ತಲಾ ನೋಡೀರೇನು? ಈ ಊರು ಮಡ್ಡಿ ಮ್ಯಾಲಿಂದು. ಹಿತ್ತಲದ ನೆಲಾ ಬಚ್ಚಲದ ನೆಲಕ್ಕಿಂತ ಆಳೆತ್ತರ ಮ್ಯಾಲೈತಿ. ಒಲಿ, ಹಂಡೆ ಎರಡನೂ ಅಲ್ಲಿಗೆ ಒಯ್ದ್ರ ಬಿಸಿನೀರು ಗ್ವಾಡ್ಯಾಗಿನ ಪೈಪಿನಿಂದ ತಾವಾಗೇ ಇಳದ ಬರತಾವ. ನಿಮಗ ಕುಂಡರಾಕ ಒಂದು ಕಲ್ಲಿನ ಪೀಠ, ಎದ್ದು ನಿಂದ್ರಾಕ ಗ್ವಾಡಿಗೆ ಒಂದು ಕಬ್ಬಿಣದ ಹಿಡಿಕಿ. ಗಿಡಕ್ಕ ನೀರ ಹಾಕೂ ಝಾರಿ ಇರತೈತಲ್ಲಾ, ಅಂಥದರ ಮೂತಿ ಹುಬ್ಬಳ್ಳ್ಯಾಗ ಮಾಡಿಸಿಕೊಂಡು ಬರತೇನಿ."

ಅವಳಿಗೆ ಉತ್ತರ ಸರಿಯೆನಿಸಿತು. ಸರಿಯೆನಿಸಿದ್ದಕ್ಕೇ ಸಿಟ್ಟು ಬಂತು.

"ಒಂದು ಕೊಡಾ ನೀರು ಸುರಕೊಳ್ಳಾಕ ಇಷ್ಟೆಲ್ಲಾ ಯಾಕ್ರಿ?"

"ಈಗ ನೀವ ಸುರಕೊಳ್ಳಾಕತ್ತೀರೇನ್ರಿ?"

ಕೇಳಿದ ಕೂಡಲೇ ಅವನ ಮುಖ ಬಾಡಿತು. ಪೆನ್ಸಿಲ್ ಕೆಳಗಿಟ್ಟ. "ತಪ್ಪಾತ್ರಿ. ಬ್ಯಾರೆ ಏನರೆ ಅನ್ನಾಕ ಹೋಗಿ..."

"ಏನು ಅನ್ನಾಕ ಹೋಗಿದ್ರಿ?"

ಅವನು ಬೀದಿಯ ಕಡೆ ನೋಡುತ್ತ ಹೇಳಿದ. "ನಮ್ಮ ಹಳ್ಳ್ಯಾಗ ಬಾವಿ ಮುಟ್ಟಾಕ ನಮಗ ಬಿಡತಿದ್ದಿಲ್ಲ. ನಮ್ಮವ್ವ ದುರಗವ್ವ ಕೊಡಾ ಹಿಡಕೊಂಡು ದೂರ ನಿಂದರತಿದ್ಲು. ಯಾರರೆ ಪುಣ್ಯಾತ್ಮರು ಬಂದು ಸುರೀಲಿ ಅಂತ. ಬಿಸಲಾಗ ನಾ ಆಕಿ ಸೀರಿ ಹಿಡಕೊಂಡು ನಿಂತಿರತಿದ್ದೆ. ಮಾಡಿದ್ರ ನೀರಿನ ಕೆಲಸಾನ ಮಾಡಬೇಕಂತ ಅವತ್ತ ಅನಿಸಿತ್ತು. ಯಾರೂ ಯಾರರೆ ಸುರೀಲಿ ಅಂತ ಕಾಯಬಾರದು ನೋಡ್ರಿ. ಅಷ್ಟ."

ಒಳಗೆ ಎಸ್ತರಮ್ಮ ಲೋಟ ತೊಳೆಯುವ ಸಪ್ಪಳ ನಿಂತಿತ್ತು. ಜೆಸ್ಸಿ ತಲೆ ತಗ್ಗಿಸಿ ಕೆಂಪು ಶಾಯಿಯಿಂದ ಒಂದು ಲೆಕ್ಕಕ್ಕೆ ಗುರುತು ಹಾಕಿದಳು. ಸರಿಯಿದ್ದ ಲೆಕ್ಕಕ್ಕೆ ತಪ್ಪಿನ ಗುರುತು ಹಾಕಿದ್ದು ಆಮೇಲೆ ಕಂಡಿತು.

ಅಂದಿನಿಂದ ಸಂಜೆಯ ಗೇಟಿನ ಕಿರುಗುಟ್ಟುವಿಕೆಗೆ ಅವಳು ಕಿವಿಗೊಟ್ಟು ಕೂರತೊಡಗಿದಳು. ಅವನು ಚಹಾದ ಬಸಿಯನ್ನು ತುಟಿಗಿಟ್ಟು ಊದುವಾಗ ಕಣ್ಣು ಮಾತ್ರ ಬಸಿಯ ಅಂಚಿನ ಮೇಲಿಂದ ಅವಳ ಕಡೆ ಬರುತ್ತಿತ್ತು. ಸಿಕ್ಕುಬಿದ್ದರೆ ಚಹಾ ಬಿಸಿ ಇದೆ ಎಂಬಂತೆ ಮುಖ ಕಿವುಚುತ್ತಿದ್ದ. ಅವಳು ನಗು ಅದುಮಿಕೊಂಡು ಜಡೆ ಹಿಂದಕ್ಕೆ ಎಸೆಯುತ್ತಿದ್ದಳು. ಆದರೆ ಅವನು ಹೋದ ಮೇಲೆ ನಕಾಶೆ ಅಲ್ಲೇ ಮೇಜಿನ ಮೇಲಿರುತ್ತಿತ್ತು. ಈ ಮನುಷ್ಯ ಪ್ರೀತಿಯಿಂದ ಗೆರೆ ಗೆರೆ ಎಳೆದು ತನ್ನನ್ನು ಈ ಮನೆಗೆ ಹೊಲಿಯುತ್ತಿದ್ದಾನೆ. ಹೊಲಿದು ಮುಗಿಸಿ ಹೊರಟುಹೋಗುತ್ತಾನೆ.

*

"ಅಳತಿ ಬೇಕ್ರಿ," ಅಂದ ಗೋವಿಂದಪ್ಪ ಒಂದು ದಿನ. ನಕಾಶೆಯಿಂದ ಕಣ್ಣೆತ್ತಲಿಲ್ಲ. "ಪೀಠ ಎಷ್ಟು ಎತ್ತರ, ಹಿಡಿಕಿ ಎಷ್ಟು ಎತ್ತರ, ನೀರು ಎಲ್ಲಿಂದ ಬೀಳಬೇಕು. ನಾ ಅಳಿಯೂದು ಚಂದ ಅಲ್ಲ. ನಿಮ್ಮ ಕಡೆ ಖಡು ಇರತೈತಲ್ಲರಿ? ನೀವು, ಅವ್ವಾರು ಒಳಗ ಹೋಗಿ ಗ್ವಾಡಿ ಮ್ಯಾಲ ಗುರುತು ಹಾಕ್ರಿ. ನಾ ಹೊರಗ ಇರತೇನಿ."

ಬಾಯಾರ ಪರ್ಸಿನಲ್ಲಿ ಸೀಮೆಸುಣ್ಣ ಇದ್ದೇ ಇರುತ್ತಿತ್ತು. ಬಾಗಿಲು ಮುಂದೆ ಮಾಡಿ ಜೆಸ್ಸಿ ಗೋಡೆಯ ಮುಂದೆ ನಿಂತಳು. ತನ್ನ ಕೈ ಎತ್ತಿದಳು. ಸೀಮೆಸುಣ್ಣವನ್ನು ಗೋಡೆಗೆ ಮುಟ್ಟಿಸಲು ಮನಸ್ಸು ಬರಲಿಲ್ಲ.

"ಅವ್ವಾ, ನೀ ಸ್ಟೂಲಿನ ಮ್ಯಾಲ ಕುಂದರು."

"ನಾ ಯಾಕ? ಬಚ್ಚಲ ನಿಂದು."

"ನನಗ ಖಡು ಹಿಡಿಯಾಕ ಬೇಕಲ್ಲಾ. ಕುಂದರು ಲಗೂ."

ಎಸ್ತರಮ್ಮ ಮಗಳಿಗಿಂತ ಪೂರಾ ಒಂದು ತಲೆ ಗಿಡ್ಡ. ಆಕೆ ಕೂತಷ್ಟಕ್ಕೆ, ಆಕೆಯ ಕೈ ಹೋದಷ್ಟಕ್ಕೆ, ಆಕೆಯ ನೆತ್ತಿಗೆ ಸರಿಯಾಗಿ ಜೆಸ್ಸಿ ಗುರುತು ಎಳೆದಳು. ಈ ಬಚ್ಚಲ ಅವ್ವನದು. ಅವ್ವನಿಗೂ ವಯಸ್ಸಾಗುತ್ತದೆ, ಬೇಕಾಗುತ್ತದೆ. ತಾನು ಇಲ್ಲಿ ಇರುವವಳಲ್ಲ. ಬಾಯಿಬಿಟ್ಟು ಹೇಳಲಾಗದ ಮಾತನ್ನು ಗೋಡೆಗೆ ಹೇಳಿ ಕೈ ಝಾಡಿಸಿಕೊಂಡಳು.

ಗೋವಿಂದಪ್ಪ ಒಳಗೆ ಬಂದ. ಗುರುತು ನೋಡಿದ. ಬಾಗಿಲಲ್ಲಿ ಕೋಲು ಊರಿ ನಿಂತ ಅವಳನ್ನು ನೋಡಿದ. ಮತ್ತೆ ಗುರುತು ನೋಡಿದ.

"ಖರೇ ಮಟ್ಟ ಏನ್ರಿ ಇದು, ಬಾಯಾರ?"

"ಖರೇ."

"ಹಂಗಾರ ಆತು," ಅಂದವನೇ ಸೀಮೆಸುಣ್ಣ ಅಳಿಸದಿರಲೆಂದು ಮೊಳೆಯಿಂದ ಗೀರತೊಡಗಿದ.

ಇಷ್ಟು ದಿನ ಬಸಿಯ ಅಂಚಿನಿಂದ ನೋಡಿದ ಕಣ್ಣಿಗೆ ತಾನೆಷ್ಟು ಎತ್ತರ ಎಂಬುದೂ ತಿಳಿಯಲಿಲ್ಲವೇ? ‘ಇಲ್ಲ, ಇದು ನಿಮ್ಮ ಮಟ್ಟ ಅಲ್ಲ’ ಎಂದು ಅವನು ಅನ್ನಲಿ ಎಂದೇ ಅವಳು ನಿಂತಿದ್ದಳು. ಮೊಳೆ ಗೋಡೆಯನ್ನು ಗೀರುವ ಸಪ್ಪಳ ಹಲ್ಲಿಗೆ ಚಳಿ ಹಿಡಿಸಿತು. ಆ ಸಂಜೆ ತಲೆನೋವೆಂದು ಒಳಗೇ ಇದ್ದಳು. ಮರುದಿನವೂ.

*

ಗೌಂಡಿ ಖಾದರಬಾಷಾ ಬಂದು ಕಟ್ಟೆಗೆ ಸುತ್ತಿಗೆ ಹಾಕಿದಾಗ ಎಸ್ತರಮ್ಮ ಅಡುಗೆಮನೆಯಿಂದ ಓಡಿಬಂದರು.

"ಕಟ್ಟಿ ತಗದ್ರ ನೀರು ಒಲಿಗೆ ಬರತಾವಲ್ಲೋ ಮಾರಾಯಾ!"

"ಬರಂಗಿಲ್ಲ್ರಿ ಅಮ್ಮಾರ. ನೆಲಾ ಹೇಳಿದಂಗ ನೀರು ಕೇಳತಾವ. ಈ ಸಾಹೇಬ್ರ ಕೂಡ ಕಟ್ಟಿ ಒಡಿಯೂದ ನನ್ನ ಧಂದೆ ಆಗೇತಿ ಈಗ. ಮನ್ನಿ ಒಂದು..."

"ಚಾಚಾ, ಬಾಯಿ ಸಾಕು, ಕೈ ನಡೀಲಿ," ಗೋವಿಂದಪ್ಪ ಗಡಿಬಿಡಿಯಿಂದ ತಡೆದ.

ಹಳೆಯ ನುಣುಪು ಗಚ್ಚು ಕಿತ್ತು ಒರಟು ಫರಸಿಕಲ್ಲು ಹಾಸಿದರು. ಕಾಲಿಗೆ ತಿಳಿಯದಷ್ಟು, ನೀರಿಗಷ್ಟೇ ತಿಳಿಯುವಷ್ಟು ಇಳಿಜಾರು. ಮುಗಿದ ದಿನ ಖಾದರಬಾಷಾ ಒಂದು ಕೊಡ ನೀರನ್ನು ಬಾಗಿಲ ಹತ್ತಿರವೇ ಚೆಲ್ಲಿದ. ನೀರು ಒಂದು ಗಳಿಗೆ ಅನುಮಾನಿಸಿ, ತಿರುಗಿ, ಮೋರಿಯ ಕಡೆ ಹರಿಯಿತು.

"ನೋಡ್ರಿ! ಗಂಡನ ಮನ್ಯಾಗಿಂದ ತವರಿಗೆ ಹೊಂಟ ಹೆಣಮಗಳು ಹೆಂಗ ಓಡತಾಳ!"

ಎಸ್ತರಮ್ಮನೂ ನಕ್ಕುಬಿಟ್ಟರು. ಜೆಸ್ಸಿ ನಗಲಿಲ್ಲ. ಗೋವಿಂದಪ್ಪನೂ ನಗಲಿಲ್ಲವೆಂಬುದನ್ನು ಅವಳು ನೋಡಲಿಲ್ಲ.

*

ಶನಿವಾರ ಮಧ್ಯಾಹ್ನ ಎಸ್ತರಮ್ಮ ಹಿತ್ತಲಿನ ಒಲೆ ಹೊತ್ತಿಸಿ, ಕದದ ಮುಂದೆ ನಿಂತು ಕೇಳಿದರು, "ನಾ ಬರಲೇನವ್ವಾ?"

"ಬ್ಯಾಡ."

ಜೆಸ್ಸಿ ಒಳಗೆ ಹೋದಳು. ಹೋದಳು ಅಷ್ಟೇ. ದಾಟಲಿಲ್ಲ, ಹತ್ತಲಿಲ್ಲ, ಯಾರ ಹೆಗಲನ್ನೂ ಹಿಡಿಯಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಅಗುಳಿ ಹಾಕಿದಳು. ಎಷ್ಟೋ ತಿಂಗಳ ಮೇಲೆ ತನ್ನ ಕೈಯಿಂದ ಹಾಕಿದ ಅಗುಳಿ.

ಹಿಡಿಕೆ ಕೆಳಗಿತ್ತು, ಬಾಗಿ ಹಿಡಿದಳು. ಪೀಠ ಗಿಡ್ಡವಿತ್ತು, ಕೂರುವಾಗ ಮೊಣಕಾಲು ಎದೆಗೆ ಬಂತು. ನಳದ ತೋಟಿ ತಿರುಗಿಸಿದಾಗ ಝಾರಿಯ ಮೂತಿ ಒಂದು ಸಲ ಕೆಮ್ಮಿ, ಆಮೇಲೆ ಬೆಚ್ಚಗಿನ ನೀರು ಹನಿಹನಿಯಾಗಿ ಅವಳ ಕತ್ತಿಗೆ, ಹೆಗಲಿಗೆ, ಬೆನ್ನಿಗೆ ಬಿತ್ತು. ನೆತ್ತಿಗೆ ಬೀಳಲಿಲ್ಲ. ತಾನೇ ಹೇಳಿದ ಸುಳ್ಳಿಗೆ ಸರಿಯಾಗಿ ನೀರು ಬೀಳುತ್ತಿತ್ತು. ನಗು ಬಂತು, ಅದರ ಬೆನ್ನಿಗೇ ಅಳು. ಯಾರೂ ನೋಡುತ್ತಿರಲಿಲ್ಲ. ಎರಡನ್ನೂ ಮನಸ್ಸು ತುಂಬ ಮಾಡಿದಳು. ಏಳುವಾಗ ಬಲಗಾಲು ನಡುಗಿತು. ಕೈ ಬಿಡಲಿಲ್ಲ. ಎದ್ದಳು.

ಸಂಜೆಯ ಗಾಡಿಗೆ ಸಾಲೋಮನ್ ಬಂದ. ಸ್ಟೇಶನ್ನಿನಲ್ಲಿ ಸಿಕ್ಕ ಗೋವಿಂದಪ್ಪನನ್ನೂ ಕರೆತಂದಿದ್ದ.

"ಹೆಂಗಾತು ತಂಗಿ? ಆರಾಮಾತ?"

"ಆತು."

"ಮತ್ತ ತಲಿ ಒಣಾ ಐತಲ್ಲ?" ಅವನು ಚಪ್ಪಲಿ ಬಿಟ್ಟು ಬಚ್ಚಲಕ್ಕೆ ನಡೆದ. ಪೀಠದ ಮೇಲೆ ಕೂತು ನೋಡಿದ, ಹಿಡಿಕೆ ಹಿಡಿದು ನೋಡಿದ, ಹುಬ್ಬು ಗಂಟಿಕ್ಕಿಕೊಂಡು ಹೊರಗೆ ಬಂದ. "ಗೋವಿಂದಾ, ಏನೋ ಇದು? ಇದು ನಮ್ಮವ್ವನ ಅಳತಿ! ಇಷ್ಟು ಕಲತು, ಇಷ್ಟು ನಕಾಶಿ ಬರದು..."

"ನಂದ ತಪ್ಪು," ಗೋವಿಂದಪ್ಪ ಮೆಲ್ಲಗೆ ಅಂದ. "ನಾಳೆ ಒಡದು ಮತ್ತ ಹಚ್ಚತೇನಿ."

"ಒಡೀಬ್ಯಾಡ್ರಿ," ಜೆಸ್ಸಿ ಅಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ತಪ್ಪು ಅವರದಲ್ಲ, ಅಣ್ಣಾ. ಗುರುತು ನಾ ಹಾಕಿದ್ದು. ಅವ್ವನ್ನ ಕುಂದರಿಸಿ ಬೇಕಂತ ಹಾಕಿದ್ದು."

"ಯಾಕ?"

"ನಾ ಈ ಮನ್ಯಾಗ ಮುದುಕಿ ಆಗಂಗಿಲ್ಲ. ಅದಕ್ಕ."

ಸಾಲೋಮನ್‌ಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. "ನಾ ಏನ್ ಕಮ್ಮಿ ಮಾಡೇನಿ ನಿನಗ?"

"ಕಮ್ಮಿ ಮಾಡಿಲ್ಲ. ಕೇಳಿಲ್ಲ. ಬೆಟಗೇರಿಯವರು ಬಂದಾಗ ಕೇಳಲಿಲ್ಲ. ಇದನ್ನ ಕಟ್ಟಸೂಮುಂದನೂ ಕೇಳಲಿಲ್ಲ."

"ನಿನ್ನ ಸಂಕಟಾ ನೋಡಾಕಾಗದ ಮಾಡೀನಿ!" ಅವನ ಕಣ್ಣು ತುಂಬಿತ್ತು. "ಮಂದಿ ಮನಿಗೆ ಹ್ವಾದ್ರ ನಿನ್ನ ಯಾರ ನೋಡಕೋತಾರ ಜೆಸ್ಸಿ? ಬಿದ್ರ ಯಾರ ಎತ್ತತಾರ? ನೀರು ಯಾರ ಸುರೀತಾರ?"

"ಇವತ್ತ ನನಗ ಯಾರು ಸುರದ್ರು?"

ಬಚ್ಚಲದಲ್ಲಿ ಝಾರಿಯ ಮೂತಿಯಿಂದ ಉಳಿದ ಹನಿ ಕಲ್ಲಿನ ಮೇಲೆ ಬೀಳುವುದು ಕೇಳುತ್ತಿತ್ತು.

"ಗುರುತು ನಿಮ್ಮದಲ್ಲಂತ ನನಗ ಅವತ್ತ ಗೊತ್ತಾಗಿತ್ತರಿ," ಗೋವಿಂದಪ್ಪ ನೆಲ ನೋಡುತ್ತ ಅಂದ.

ಅವಳು ಗಕ್ಕನೆ ತಿರುಗಿದಳು. "ಮತ್ತ ಯಾಕ ಹಂಗ ಹಚ್ಚಿದ್ರಿ?"

"ಈ ಮನ್ಯಾಗ ಇರಾಂಗಿಲ್ಲಂತ ನೀವು ಗ್ವಾಡಿ ಮ್ಯಾಲ ಬರದಿದ್ರಿ. ಅದನ್ನ ಅಳಸೂ ಮನಸ್ಸು ನನಗ ಆಗಲಿಲ್ಲ." ಜೇಬಿನ ಪೆನ್ಸಿಲ್ ತೆಗೆದು ಕೈಯಲ್ಲಿ ತಿರುಗಿಸಿದ. "ಖಾದರಚಾಚಾ ಮೊದಲ ಒಡದದ್ದು ನನ್ನ ಕ್ವಾರ್ಟರ್ಸಿನ ಬಚ್ಚಲದ ಕಟ್ಟಿ. ಒರಟು ಕಲ್ಲು ಹಾಕಿಸೇನಿ, ಇಳಕಲ ಮಾಡಿಸೇನಿ. ಪೀಠ, ಹಿಡಿಕಿ, ಏನೂ ಹಚ್ಚಿಲ್ಲ. ನಿಮ್ಮ ಎತ್ತರ ನನ್ನ ಕಣ್ಣಿಗೆ ಗೊತ್ತೈತಿ, ಖರೇ. ಆದ್ರೂ ಹಚ್ಚಿಲ್ಲ. ಗ್ವಾಡಿ ಖಾಲಿ ಬಿಟ್ಟೇನಿ. ಬರಾಂಗಿದ್ರ ಗುರುತು ನೀವ ಹಾಕಬೇಕು. ಬರದಿದ್ರ... ಗ್ವಾಡಿ ಹಂಗ ಇರತೈತಿ. ಕಟ್ಟಿ ಅಂತೂ ಮತ್ತ ಕಟ್ಟಸಂಗಿಲ್ಲ."

ಅವನು ಅವಳನ್ನು ನೋಡಿದ. ಈ ಸಲ ನಡುವೆ ಬಸಿ ಇರಲಿಲ್ಲ.

"ಗೋವಿಂದಾ!" ಸಾಲೋಮನ್ ದನಿ ಒಡೆದಿತ್ತು. "ನೀ ಬುದ್ಧಗ ಕೈ ಮುಗಿಯಾವ. ಇಕಿ ದಿನಾ ಬೈಬಲ್ ಓದಾಕಿ. ಪಾದ್ರಿಯವರ ಮುಂದ ನಾ ಏನ್ ಹೇಳ್ಲೋ? ನೆಂಟರು ಏನಂದಾರು?"

ಅಷ್ಟು ಹೊತ್ತು ಬಾಗಿಲಿಗೊರಗಿ ನಿಂತಿದ್ದ ಎಸ್ತರಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ನಿಮ್ಮಜ್ಜಿ ಮಾರ್ಥಾ ಆಗೂಕಿಂತ ಮೊದಲ ಮುದಕವ್ವ ಇದ್ಲೋ ಸಾಲೋಮನ್. ಆಕೀನೂ ಕೊಡಾ ಹಿಡಕೊಂಡು ದೂರ ನಿಂತಾಕಿನ. ಆಕಿ ಹೆಸರು ಬದಲಿಸಿಕೊಂಡಾಗೂ ನೆಂಟರು ಅಂದರು. ಅನ್ನಾವರು ಅಂತಾರ. ನೀ ತಂಗೀನ್ನ ಕೇಳು."

ಅವನು ಕೇಳಲಿಲ್ಲ. ಬರಿಗಾಲಲ್ಲೇ ಗೇಟು ದಾಟಿ ಹೋದ. ದೀಪ ಹಚ್ಚುವ ಹೊತ್ತಿಗೆ ಬಂದು ಉಣ್ಣದೆ ಮಲಗಿದ. ಇಡೀ ವಾರ ಅಣ್ಣ ತಂಗಿಯ ನಡುವೆ ಮಾತಿರಲಿಲ್ಲ. ಬೆಳಿಗ್ಗೆ ಹಿತ್ತಲಿನ ಒಲೆಗೆ ಕಟ್ಟಿಗೆ ಒಟ್ಟುವುದನ್ನು ಮಾತ್ರ ಅವನು ತಪ್ಪಿಸಲಿಲ್ಲ.

*

ಮುಂದಿನ ಭಾನುವಾರ ಚರ್ಚು ಬಿಟ್ಟ ಮೇಲೆ ತಾಯಿ ಮಗಳು ಟಾಂಗಾ ಹತ್ತುವಾಗ ಸಾಲೋಮನ್ ಎಲ್ಲಿಂದಲೋ ಬಂದು ಮುಂದೆ, ಟಾಂಗಾದವನ ಪಕ್ಕ ಕೂತ. ಎಲ್ಲಿಗೆ ಎಂದು ಕೇಳಲಿಲ್ಲ. ಗೋವಿಂದಪ್ಪನ ಕ್ವಾರ್ಟರ್ಸ್ ಮುಂದೆ ಗಾಡಿ ನಿಂತರೂ ಇಳಿಯಲಿಲ್ಲ. "ಹೋಗಿ ಬರ್ರಿ, ನಾ ಇಲ್ಲೇ ಇರತೇನಿ," ಅಂದ, ಕುದುರೆಯ ಕಿವಿಗೆ ಹೇಳುವಂತೆ.

ಬಾಗಿಲಲ್ಲಿ ದುರಗವ್ವ ನಿಂತಿದ್ದಳು. ಗರಗದ ಖಾದಿ ಕೇಂದ್ರದಲ್ಲಿ ನೂಲುವ ಕೆಲಸ ಬಿಟ್ಟು ಮಗ ಕರೆದನೆಂದು ಬಂದಿದ್ದಳು. ಮೊದಲು ಜೆಸ್ಸಿಯ ಕಾಲು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮುಖ. ಆ ಮುದಿ ಕಣ್ಣಿನಲ್ಲಿ ಏನಿತ್ತೋ ಜೆಸ್ಸಿಗೆ ತಿಳಿಯಲಿಲ್ಲ. ಅವಳೇ ಒಂದು ಹೆಜ್ಜೆ ಹಿಂದೆ ಸರಿದಳು.

"ಬಾ ಯವ್ವಾ," ಅಂದಳು ದುರಗವ್ವ ಕಡೆಗೆ. "ಏನೂ ದಾಟೂದಿಲ್ಲ ಅಲ್ಲಿ. ಸೀದಾ ಹೋಗು."

ಬಚ್ಚಲದ ಬಾಗಿಲಿಗೆ ಬೆನ್ನು ಮಾಡಿ ಗೋವಿಂದಪ್ಪ ಹೊರಗೆ ನಿಂತ. ಒಳಗೆ ಸುಣ್ಣ ಬಳಿದ ಗೋಡೆ, ಒಂದು ಗೀರೂ ಇಲ್ಲದ್ದು. ಎಸ್ತರಮ್ಮ ತಾವಾಗಿಯೇ ಸೀಮೆಸುಣ್ಣ ಹಿಡಿದರು. ಜೆಸ್ಸಿ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ತನ್ನ ಕೈ ತನಗೆ ಎಟುಕಿದಷ್ಟು ಚಾಚಿದಳು. ಬಿಳಿ ಗೋಡೆಯ ಮೇಲೆ ಬಿಳಿ ಗುರುತು ಕಾಣಲಿಲ್ಲ. ಎಸ್ತರಮ್ಮ ನಗುತ್ತ ಅಲ್ಲಿನ ಅಡುಗೆಮನೆಯ ಒಲೆಯಿಂದ ಒಂದು ತುಂಡು ಇದ್ದಲಿ ತಂದರು. ಕರಿಯ ಗೆರೆಗಳು, ಒಂದರ ಮೇಲೊಂದು, ಎದ್ದು ಕಂಡವು.

"ಖರೇ ಮಟ್ಟ ಏನ್ರಿ, ಬಾಯಾರ?" ಹೊರಗಿನಿಂದ ಕೇಳಿದ.

ರಸ್ತೆಯಲ್ಲಿ ಟಾಂಗಾದ ಕುದುರೆ ಕಾಲು ಬದಲಿಸಿತು. ಅಣ್ಣ ಇನ್ನೂ ಕೂತೇ ಇದ್ದ. ಜೆಸ್ಸಿ ಗೋಡೆಗೆ ಅಂಗೈ ಊರಿ, ಕೋಲಿಲ್ಲದೆ ಎದ್ದು ನಿಂತಳು.

"ಈ ಸಲ ಖರೇ," ಅಂದಳು.